ಹ್ಯಾಂಡ್‌ಬ್ರೇಕಿನ ರೋಗ ಹಿಂದಿನ ಚಕ್ರದಲ್ಲಿ

ಮಡಿಕೇರಿಯ ಪೇಟೆಯಲ್ಲೋ ಮಂಗಳೂರಿನ ಕದ್ರಿಯ ಏರಿನಲ್ಲೋ ಕಾರು ನಿಲ್ಲಿಸುವವರನ್ನು ಒಂದು ಗಳಿಗೆ ಗಮನಿಸಿ. ಎಂಜಿನ್ ಆರಿಸುತ್ತಾರೆ, ಹ್ಯಾಂಡ್‌ಬ್ರೇಕನ್ನು ಕರಕರ ಎಂದು ಎಳೆಯುತ್ತಾರೆ, ಪೆಡಲಿನಿಂದ ಕಾಲನ್ನು ಮೆಲ್ಲಗೆ ತೆಗೆದು ಗಾಡಿ ಜಾರುತ್ತದೋ ಎಂದು ಕಾಯುತ್ತಾರೆ. ಒಂದಿಂಚು ಜಾರಿತೋ, ಪಕ್ಕದಲ್ಲಿ ಕೂತವರಿಗೆ ಅಪ್ಪಣೆಯಾಗುತ್ತದೆ: 'ಇಳಿದು ಒಂದು ಕಲ್ಲು ಕೊಡು.' ಕೆಲವರಂತೂ ಆ ಕಲ್ಲನ್ನು ಡಿಕ್ಕಿಯಲ್ಲೇ ಸಾಕಿಕೊಂಡಿರುತ್ತಾರೆ. ಎಂಜಿನ್ ಆಯಿಲ್ ಬದಲಿಸುವ ದಿನ ತಪ್ಪಿಸದವರು, ಟೈರಿನ ಗಾಳಿ ತಪ್ಪದೆ ನೋಡಿಸುವವರು, ಎ.ಸಿ. ತಣ್ಣಗಾಗದಿದ್ದರೆ ಅಂದೇ ಗ್ಯಾರೇಜಿಗೆ ಓಡುವವರು ಕೂಡ ಹ್ಯಾಂಡ್‌ಬ್ರೇಕಿನ ಮಟ್ಟಿಗೆ ಕಲ್ಲಿಗೆ ಒಗ್ಗಿಹೋಗಿರುತ್ತಾರೆ.

ಗಾಡಿ ಓಡುವುದಕ್ಕೆ ಹ್ಯಾಂಡ್‌ಬ್ರೇಕ್ ಬೇಕಿಲ್ಲ, ಅದಕ್ಕೇ ಈ ಉದಾಸೀನ. ಅದು ಕೆಟ್ಟರೆ ಸದ್ದಿಲ್ಲ, ಹೊಗೆಯಿಲ್ಲ, ಮೈಲೇಜ್ ಇಳಿಯುವುದಿಲ್ಲ. ಬಯಲುಸೀಮೆಯ ಸಪಾಟು ಊರಿನಲ್ಲಿ ಅದು ಕೆಟ್ಟಿದೆ ಎಂಬುದೇ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಗೊತ್ತಾಗಿ ಗ್ಯಾರೇಜಿಗೆ ಹೋದರೆ ಬಹಳ ಕಡೆ ಸಿಗುವುದು ಐದು ನಿಮಿಷದ ಚಿಕಿತ್ಸೆ. ಲಿವರ್ ಬುಡದ ಕವರ್ ಎತ್ತಿ, ಕೇಬಲಿನ ನಟ್ಟನ್ನು ನಾಲ್ಕು ಸುತ್ತು ಬಿಗಿ ಮಾಡಿ, 'ಆಯ್ತು ಸಾರ್, ನೋಡಿ ಹೆಂಗೆ ಹಿಡೀತದೆ' ಎಂದು ಕಳಿಸುತ್ತಾರೆ. ಹಿಡಿಯುತ್ತದೆ ನಿಜ, ಕೆಲವು ತಿಂಗಳು. ಆಮೇಲೆ ಮತ್ತೆ ನಾಲ್ಕು ಸುತ್ತು.

ನನ್ನ ತಕರಾರು ಆ ನಾಲ್ಕು ಸುತ್ತಿನ ಮೇಲೆ. ಹ್ಯಾಂಡ್‌ಬ್ರೇಕ್ ಸಡಿಲಾದದ್ದು ಕೈಗೆ ಗೊತ್ತಾಗುವುದು ಲಿವರಿನಲ್ಲಿ. ಸವೆತ ನಡೆದಿರುವುದು ಬಹುಪಾಲು ಹಿಂದಿನ ಚಕ್ರದ ಡ್ರಮ್ಮಿನೊಳಗೆ. ಅಲ್ಲಿ ನೋಡದೆ ಇಲ್ಲಿ ತಿರುಗಿಸಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಸಣ್ಣ ಎಳೆತ, ದೊಡ್ಡ ಹಿಡಿತ

ಒಂದು ಟನ್ ತೂಕದ ಕಾರನ್ನು ಶೇ 20ರ ಏರಿನಲ್ಲಿ, ಅಂದರೆ 100 ಮೀಟರ್ ಮುಂದೆ ಹೋದರೆ 20 ಮೀಟರ್ ಮೇಲೇರುವ ದಾರಿಯಲ್ಲಿ ನಿಲ್ಲಿಸಿದ್ದೇವೆ ಎನ್ನಿ. ಆ ಏರು ಸುಮಾರು 11 ಡಿಗ್ರಿ. ಗಾಡಿಯನ್ನು ಕೆಳಕ್ಕೆ ಜಗ್ಗುವ ಬಲ ಸುಮಾರು 196 ಕಿಲೋ ತೂಕದಷ್ಟು. ಅಷ್ಟನ್ನೂ ಹಿಡಿಯಬೇಕಾದವು ಹಿಂದಿನ ಎರಡು ಚಕ್ರಗಳು. ಟೈರಿನ ಅಂಚಿಗೆ ಬೀಳುವ ಬಲವನ್ನು ಒಳಗಿನ ಸಣ್ಣ ಡ್ರಮ್ಮಿನಲ್ಲಿ ತಡೆಯಬೇಕಾದ್ದರಿಂದ ಕೆಲಸ ಇನ್ನೂ ಕಷ್ಟ. ಸಣ್ಣ ಕಾರಿನ ಟೈರಿನ ತ್ರಿಜ್ಯ 27 ಸೆಂ.ಮೀ. ಇದ್ದರೆ ಡ್ರಮ್ಮಿನದು 9ರಿಂದ 10 ಸೆಂ.ಮೀ. ಹಾಗಾಗಿ ಡ್ರಮ್ಮಿನ ಒಳಮೈಯಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು, ಎರಡೂ ಕಡೆ ಸೇರಿ 530ರಿಂದ 590 ಕಿಲೋ ತೂಕಕ್ಕೆ ಸಮನಾದ ಘರ್ಷಣೆ ಹುಟ್ಟಬೇಕು.

ಈ ಶೇ 20 ನಾನು ಸುಮ್ಮನೆ ಆರಿಸಿದ ಅಂಕಿಯಲ್ಲ. ಕಾರುಗಳ ಬ್ರೇಕಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 13-ಎಚ್ ನಿಯಮದ ಪ್ರಕಾರ ಪಾರ್ಕಿಂಗ್ ಬ್ರೇಕ್ ಪೂರ್ತಿ ಭಾರ ಹೊತ್ತ ಕಾರನ್ನು ಶೇ 20ರ ಏರಿನಲ್ಲೂ ಇಳಿಜಾರಿನಲ್ಲೂ ಹಿಡಿದು ನಿಲ್ಲಿಸಬೇಕು. ಅದಕ್ಕಾಗಿ ಕೈ ಹಾಕಬೇಕಾದ ಬಲ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಮೀರಕೂಡದು. ಮನುಷ್ಯನ ಒಂದು ಕೈಯ ಎಳೆತ ನೂರಾರು ಕಿಲೋ ಹಿಡಿತವಾಗುವುದು ಸನ್ನೆಗಳ ಸರಣಿಯಿಂದ. ಮೊದಲ ಸನ್ನೆ ನಮ್ಮ ಕೈಯಲ್ಲಿರುವ ಲಿವರ್. ಅದರ ಬುಡದ ಹಲ್ಲುಪಟ್ಟಿ ಎಳೆದಷ್ಟನ್ನು ಕಚ್ಚಿ ಹಿಡಿಯುತ್ತದೆ. ಕರಕರ ಸದ್ದು ಅದರದ್ದೇ. ಅಲ್ಲಿಂದ ಹೊರಟ ಎಳೆತವನ್ನು ಈಕ್ವಲೈಸರ್ ಎಂಬ ಸಣ್ಣ ತುಂಡು ಎಡಕ್ಕೂ ಬಲಕ್ಕೂ ಸಮನಾಗಿ ಹಂಚುತ್ತದೆ. ಎರಡು ಕೇಬಲ್‌ಗಳು ಕಾರಿನ ಹೊಟ್ಟೆಯಡಿ ಸಾಗಿ ಡ್ರಮ್ಮಿನ ಹಿಂಬದಿಯಿಂದ ಒಳಹೊಗುತ್ತವೆ. ಒಳಗೆ ಇನ್ನೊಂದು ಸನ್ನೆ. ಅದರ ಮೇಲ್ತುದಿ, ಡ್ರಮ್ಮಿನೊಳಗಿನ ಬಿಲ್ಲಿನಾಕಾರದ ಎರಡು ಬ್ರೇಕ್ ಶೂಗಳಲ್ಲಿ ಒಂದಕ್ಕೆ ಕೀಲಿಸಿರುತ್ತದೆ, ಕೆಳತುದಿಗೆ ಕೇಬಲ್ ಸಿಕ್ಕಿಸಿರುತ್ತದೆ. ಕೇಬಲ್ ಎಳೆದಾಗ ಅದು ನಡುವಿನ ಉಕ್ಕಿನ ಪಟ್ಟಿಯನ್ನು ದೂಡಿ ಎರಡೂ ಶೂಗಳನ್ನು ಹೊರಕ್ಕೆ, ಡ್ರಮ್ಮಿನ ಗೋಡೆಗೆ ಒತ್ತುತ್ತದೆ.

ಇಷ್ಟರಲ್ಲಿ ಎಲ್ಲಿಯೂ ಬ್ರೇಕ್ ಆಯಿಲಿನ ಸುಳಿವಿಲ್ಲ. ಅದು ಬೇಕೆಂದೇ ಮಾಡಿದ ಏರ್ಪಾಟು. ಕಾಲಿನ ಬ್ರೇಕಿನ ದಾರಿಯೂ ಕೈಬ್ರೇಕಿನ ದಾರಿಯೂ ಹಿಂದಿನಿಂದಲೇ ಬೇರೆಬೇರೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಿನ ಬ್ರೇಕ್ ಗೇರುಪೆಟ್ಟಿಗೆಯನ್ನು ಹಿಡಿಯುತ್ತಿತ್ತು, ಕೈಯ ಲಿವರ್ ಹಿಂದಿನ ಚಕ್ರಗಳನ್ನು ಹಿಡಿಯುತ್ತಿತ್ತು. ಆ ಲಿವರನ್ನು ಪೂರ್ತಿ ಹಿಂದಕ್ಕೆಳೆದರೆ ಗಾಡಿ ನ್ಯೂಟ್ರಲ್‌ಗೂ ಬರುತ್ತಿತ್ತು. ಎಳೆಯಲು ಮರೆತು ಎದುರಿಗೆ ನಿಂತು ಎಂಜಿನ್ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿದರೆ, ಚಾಲೂ ಆದ ಗಾಡಿ ತಿರುಗಿಸಿದವನ ಮೈಮೇಲೇ ಬರುವ ಅಪಾಯವಿತ್ತು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಆಯಿಲ್ ಒತ್ತಡದ ಬ್ರೇಕ್ ತಂದಿತು. ಕಾಲಿನ ಬ್ರೇಕ್ ಎಲ್ಲ ಕಡೆ ನಿಧಾನಕ್ಕೆ ಆ ದಾರಿ ಹಿಡಿಯಿತು, ಕೈಬ್ರೇಕ್ ಮಾತ್ರ ಸರಳು ತಂತಿಗಳಲ್ಲೇ ಉಳಿಯಿತು. ಆಯಿಲ್ ಸೋರಿದರೆ ಒತ್ತಡ ಹೋಗುತ್ತದೆ. ರಾತ್ರಿಯಿಡೀ ನಿಲ್ಲುವ ಗಾಡಿಯನ್ನು ಸೋರಬಹುದಾದ ವಸ್ತುವಿನ ಕೈಗೆ ಒಪ್ಪಿಸುವಂತಿಲ್ಲ.

ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಾರಿನಂಥ ವಾಹನಕ್ಕೆ ಕಾಲಿನ ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆ ಇರಬೇಕೆನ್ನುತ್ತವೆ. ಘಟ್ಟ ಇಳಿಯುವಾಗ ಕಾಲಿನ ಬ್ರೇಕ್ ಕೈಕೊಟ್ಟರೆ ಉಳಿಯುವುದು ಇದೊಂದೇ. ಆಗ ಗೇರು ಇಳಿಸುತ್ತ, ಲಿವರಿನ ಗುಂಡಿಯನ್ನು ಒತ್ತಿಹಿಡಿದೇ ಹಂತಹಂತವಾಗಿ ಎಳೆಯಬೇಕು. ಒಮ್ಮೆಲೇ ಜಗ್ಗಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಗಿರಕಿ ಹೊಡೆಯುತ್ತದೆ. ಆದರೆ ಇದೆಲ್ಲ ಬ್ರೇಕ್ ಹಿಡಿದರೆ ತಾನೆ!

ಡ್ರಮ್ ಬಿಚ್ಚಿದಾಗ

ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ನಂಥ ನಮ್ಮ ರಸ್ತೆಯ ಸಾಮಾನ್ಯ ಕಾರುಗಳಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್. ಕೆಲಸ ಗೊತ್ತಿರುವ ಮೆಕ್ಯಾನಿಕ್ ಹ್ಯಾಂಡ್‌ಬ್ರೇಕಿನ ದೂರು ಕೇಳಿದ ಕೂಡಲೇ ಲಿವರಿಗೆ ಕೈಹಾಕುವುದಿಲ್ಲ, ಗಾಡಿಯ ಹಿಂಭಾಗ ಎತ್ತುತ್ತಾನೆ. ಎತ್ತುವ ಮುಂಚೆ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡೆ ಕೊಡುತ್ತಾನೆ. ಡ್ರಮ್ ಕಳಚಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಗಾಡಿಯನ್ನು ಹಿಡಿದಿಡಲು ಆಗ ಆ ಅಡೆಯೇ ಮುಖ್ಯ ಆಸರೆ. ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡ್ ಇಡುತ್ತಾನೆ. ಗುಂಡಿ ತೋಡದೆ ಅಡಿಪಾಯ ಹಾಕುವ ಮೇಸ್ತ್ರಿಯೂ ಸ್ಟ್ಯಾಂಡಿಲ್ಲದೆ ಗಾಡಿಯ ಕೆಳಗೆ ನುಸುಳುವ ಮೆಕ್ಯಾನಿಕ್ಕೂ ಒಂದೇ.

ವರ್ಷಗಳಿಂದ ಬಿಚ್ಚದ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಒಳಗಿನ ಅಂಚಿನಲ್ಲಿ ಸವೆಯದೆ ಉಳಿದ ಏಣು ಶೂಗಳಿಗೆ ತಡೆಯಾಗುತ್ತದೆ, ನಡುವಿನ ರಂಧ್ರ ತುಕ್ಕಿನಿಂದ ಕಚ್ಚಿರುತ್ತದೆ. ಸುತ್ತಿಗೆಯಿಂದ ಬಡಿದು ಡ್ರಮ್ಮಿನ ಅಂಚು ಒಡೆದವರಿದ್ದಾರೆ. ಹಲವು ಡ್ರಮ್‌ಗಳ ಮುಖದಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ ಎರಡನ್ನೂ ಸರದಿಯಂತೆ ಅರ್ಧರ್ಧ ಸುತ್ತು ತಿರುಗಿಸಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ತೂತು ಕೊಟ್ಟಿರುವುದೇ ಅದಕ್ಕೆ.

ಡ್ರಮ್ ಹೊರಬಂದಾಗ ಕಪ್ಪು ಪುಡಿ ಉದುರುತ್ತದೆ. ಇದನ್ನು ಬಾಯಿಯಿಂದ ಊದುವುದು, ಕಂಪ್ರೆಸರ್ ಗಾಳಿ ಬಿಡುವುದು ಗ್ಯಾರೇಜುಗಳ ಹಳೇ ಕೆಟ್ಟ ಚಾಳಿ. ಶೂಗಳ ಮೇಲೆ ಅಂಟಿಸಿದ, ಡ್ರಮ್ಮಿಗೆ ಉಜ್ಜುವ ಪದರವೇ ಲೈನರ್. ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶ ಹೊಕ್ಕರೆ ಹೊರಬರುವುದಿಲ್ಲ. ಹೊಸ ಲೈನರಿನ ಪುಡಿಯೂ ಉಸಿರಾಡುವಂಥದ್ದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಪುಡಿಯನ್ನು ಒದ್ದೆ ಮಾಡಿ ಒರೆಸುವುದೇ ಸರಿ.

ಪುಡಿ ಒರೆಸಿದ ಮೇಲೆ ಒಳಗಿನ ಕತೆ ಕಾಣುತ್ತದೆ. ಲೈನರ್ 1 ಮಿ.ಮೀ. ಆಸುಪಾಸಿಗೆ ಸವೆದಿದ್ದರೆ ಶೂ ಬದಲಿಸಲೇಬೇಕು, ಅದೂ ಎರಡೂ ಚಕ್ರಗಳಲ್ಲಿ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಒಂದು ಬದಿಗೆ ಎಳೆಯುತ್ತದೆ. ಲೈನರ್ ದಪ್ಪವಿದ್ದೂ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಹ್ಯಾಂಡ್‌ಬ್ರೇಕ್ ಬಿಡಲು ಮರೆತು ಓಡಿಸಿ ಸುಟ್ಟಿರಬಹುದು. ಹಾಗೆ ಓಡಿಸಿದಾಗ ಶೂ ಮಾತ್ರವಲ್ಲ, ಪಕ್ಕದ ವೀಲ್ ಸಿಲಿಂಡರಿನ ಬ್ರೇಕ್ ಆಯಿಲೂ ಕಾಯುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿಗೆ; ತೇವ ಹೀರಿ ಹಳತಾದದ್ದು 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಕಾಲಿನ ಬ್ರೇಕ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಶೂ ಮೇಲೆ ಆಯಿಲಿನ ಪಸೆ ಇದ್ದರೆ ಸಿಲಿಂಡರ್ ಸೋರುತ್ತಿದೆ. ಅದನ್ನು ಸರಿಪಡಿಸದೆ ಹೊಸ ಶೂ ಹಾಕುವುದು ದುಡ್ಡು ದಂಡ, ಪಸೆ ಹಿಡಿದ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಅದಕ್ಕಿಂತ ಕೇಡು.

ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಅಡ್ಜಸ್ಟರ್. ಶೂ ಸವೆದಂತೆಲ್ಲ ಅದು ಒಂದೊಂದೇ ಹಲ್ಲು ಮುಂದೆ ಸರಿದು ಶೂಗೂ ಡ್ರಮ್ಮಿಗೂ ನಡುವಿನ ಅಂತರವನ್ನು ತುಂಬುತ್ತ ಹೋಗಬೇಕು. ತುಕ್ಕು ಹಿಡಿದು ಕೂತರೆ ಅಂತರ ಬೆಳೆಯುತ್ತದೆ, ಲಿವರ್ ಮೇಲೆ ಮೇಲೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಸಡಿಲಾಗುವುದಕ್ಕೆ ಇದೇ ಅತಿ ಸಾಮಾನ್ಯ ಕಾರಣ. ಈಗ ಮೇಲೆ ಕೇಬಲಿನ ನಟ್ಟು ಬಿಗಿ ಮಾಡಿದರೆ ಏನಾಗುತ್ತದೆ? ಡ್ರಮ್ಮಿನೊಳಗಿನ ಸನ್ನೆ ತನ್ನ ವಿಶ್ರಾಂತಿಯ ಜಾಗಕ್ಕೆ ಮರಳದೆ ಯಾವಾಗಲೂ ಅರೆ ಎಳೆದ ಸ್ಥಿತಿಯಲ್ಲಿ ನಿಲ್ಲುತ್ತದೆ. ಅದು ಪೂರ್ತಿ ಮರಳಿದರೆ ಮಾತ್ರ ಅಡ್ಜಸ್ಟರ್ ಮುಂದಿನ ಹಲ್ಲಿಗೆ ಜಿಗಿಯಬಲ್ಲದು. ಅಂದರೆ ಕೇಬಲ್ ಬಿಗಿದವರು ಅಡ್ಜಸ್ಟರಿನ ಕುತ್ತಿಗೆಯನ್ನೇ ಹಿಡಿದಂತಾಯಿತು. ಇನ್ನು ಅದು ಕೆಲಸ ಮಾಡುವುದೇ ಇಲ್ಲ. ಕಾಲಿನ ಬ್ರೇಕ್ ಪೆಡಲೂ ಆಳಕ್ಕೆ ಇಳಿಯತೊಡಗುತ್ತದೆ. ಅಥವಾ ಶೂಗಳು ಡ್ರಮ್ಮನ್ನು ಸದಾ ಸವರುತ್ತ ಬಿಸಿಯಾಗುತ್ತವೆ. ಒಂದು ನಟ್ಟಿನ ನಾಲ್ಕು ಸುತ್ತಿಗೆ ಎರಡೂ ಬ್ರೇಕು ಹಾಳು.

ಕೇಬಲಿನ ವೈರಿ ಮಳೆ

ಕೇಬಲ್ ಬದಲಿಸುವ ಪ್ರಮೇಯವೇ ಬರುವುದಿಲ್ಲ ಎಂದೇನೂ ಅಲ್ಲ. ಬರುತ್ತದೆ, ಅದರಲ್ಲೂ ಕರಾವಳಿಯಲ್ಲಿ, ಮಲೆನಾಡಿನಲ್ಲಿ. ಉಕ್ಕಿನ ಎಳೆಗಳನ್ನು ಹೆಣೆದ ತಂತಿ ಒಂದು ಕೊಳವೆಯೊಳಗೆ ಓಡಾಡುತ್ತದೆ. ಕೊಳವೆಯ ಬಾಯಿಗೆ ರಬ್ಬರಿನ ಟೊಪ್ಪಿ ಇರುತ್ತದೆ. ರಬ್ಬರ್ ಬಿರುಕು ಬಿಟ್ಟ ದಿನದಿಂದ ಮಳೆನೀರು, ಕೆಂಪು ಕೆಸರು, ಕಡಲ ದಡದಲ್ಲಾದರೆ ಉಪ್ಪುಗಾಳಿ ಒಳಸೇರುತ್ತವೆ. ಮೊದಲು ಲಿವರ್ ಭಾರವಾಗುತ್ತದೆ. ಆಮೇಲೆ ಲಿವರ್ ಇಳಿಸಿದರೂ ಒಂದು ಕಡೆಯ ಶೂ ಬಿಡುವುದಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ಇಳಿದರೆ ಒಂದು ಹಿಂಚಕ್ರ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ಈ ಲಕ್ಷಣ ಕಂಡರೆ ಕೇಬಲಿಗೆ ಎಣ್ಣೆ ಬಿಟ್ಟು ಕಾಲ ತಳ್ಳುವುದರಲ್ಲಿ ಅರ್ಥವಿಲ್ಲ. ಒಳಗೆ ಎಳೆಗಳು ತುಂಡಾಗತೊಡಗಿರುತ್ತವೆ.

ಹಳೇ ಕೇಬಲ್ ತೆಗೆಯುವ ಮುಂಚೆ ಅದು ಸಾಗಿದ ದಾರಿಯನ್ನು ಫೋನಿನಲ್ಲಿ ಚಿತ್ರ ಹಿಡಿದಿಟ್ಟುಕೊಳ್ಳುವುದು ಜಾಣತನ. ಯಾವ ಕ್ಲಿಪ್ಪಿನೊಳಗೆ ನುಸುಳಿದೆ, ಸೈಲೆನ್ಸರ್ ಕೊಳವೆಯಿಂದ ಎಷ್ಟು ದೂರವಿದೆ, ಎಲ್ಲಿ ಬಾಗಿದೆ ಎಂಬುದೆಲ್ಲ ಲೆಕ್ಕಾಚಾರದಿಂದ ಮಾಡಿದ್ದು. ಹೊಸದನ್ನು ಹತ್ತಿರದ ದಾರಿಯೆಂದು ಬೇರೆ ಕಡೆಯಿಂದ ಎಳೆದರೆ ಸೈಲೆನ್ಸರಿನ ಕಾವಿಗೆ ಕರಗುತ್ತದೆ, ಇಲ್ಲವೇ ಸಸ್ಪೆನ್ಶನ್ ಮೇಲೆ ಕೆಳಗೆ ಆಡಿದಾಗ ಉಜ್ಜುತ್ತದೆ. ಶೂ ಬದಲಿಸುವಾಗ ಹಳೇ ಶೂನಿಂದ ಹ್ಯಾಂಡ್‌ಬ್ರೇಕ್ ಸನ್ನೆಯನ್ನು ಬಿಡಿಸಿ ಹೊಸದಕ್ಕೆ ಜೋಡಿಸಬೇಕಾಗುತ್ತದೆ. ಅದನ್ನು ಹಿಡಿದಿರುವುದು ಲಾಡದ ಆಕಾರದ ಒಂದು ಪುಟ್ಟ ಕ್ಲಿಪ್. ಬಿಚ್ಚಿದ ಹಳೇ ಕ್ಲಿಪ್ಪನ್ನೇ ಇಕ್ಕಳದಿಂದ ಅಮುಕಿ ಮತ್ತೆ ಹಾಕುವವರು ಬಹಳ. ಅದು ಒಳಗೆ ಕಳಚಿ ಬಿದ್ದರೆ ಡ್ರಮ್ಮಿಗೂ ಶೂಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎಡ ಬಲಗಳ ಅಡ್ಜಸ್ಟರ್‌ಗಳನ್ನು ಅದಲುಬದಲು ಮಾಡುವುದು ಇನ್ನೊಂದು ಸಾಮಾನ್ಯ ಎಡವಟ್ಟು. ಅನೇಕ ಗಾಡಿಗಳಲ್ಲಿ ಒಂದರ ಮರೆ ಇನ್ನೊಂದಕ್ಕೆ ತದ್ವಿರುದ್ಧ. ಅದಲುಬದಲಾದರೆ ಅಂತರ ತುಂಬುವ ಬದಲು ಹೆಚ್ಚುತ್ತ ಹೋಗುತ್ತದೆ. ಅದಕ್ಕೇ ಅನುಭವಿಗಳು ಎರಡೂ ಡ್ರಮ್ ಒಟ್ಟಿಗೆ ಬಿಚ್ಚಿದರೂ ಕೆಲಸ ಮಾಡುವುದು ಒಂದೊಂದರಲ್ಲೇ. ಶೂ ಬಿಚ್ಚದ ಕಡೆ ನೋಡಿ ಬಿಚ್ಚಿದ ಕಡೆ ಜೋಡಿಸುತ್ತಾರೆ.

ಜೋಡಣೆಯ ನಂತರದ ಕ್ರಮ ಒಂದೇ, ತಿರುಗುಮುರುಗು ಮಾಡುವಂತಿಲ್ಲ. ಕೇಬಲನ್ನು ಪೂರ್ತಿ ಸಡಿಲ ಬಿಟ್ಟು, ಮೊದಲು ಡ್ರಮ್ಮಿನೊಳಗೆ ಅಂತರ ಸರಿಮಾಡಬೇಕು. ಡ್ರಮ್ ಹಾಕಿ ಕಾಲಿನ ಬ್ರೇಕನ್ನು ಹಲವು ಸಲ ಒತ್ತಿ ಶೂಗಳು ನಡುವಿಗೆ ಕೂರುವಂತೆ ಮಾಡಬೇಕು. ಕಟ್ಟಕಡೆಗೆ ಲಿವರ್ ಬುಡದ ನಟ್ಟು. ಎಷ್ಟು ಕಚ್ಚಿಗೆ ಬ್ರೇಕ್ ಹಿಡಿಯಬೇಕೆಂದು ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಒಂಬತ್ತರೊಳಗೆ. ಲಿವರ್ ಕೆಳಗಿಳಿಸಿದಾಗ ಎರಡೂ ಚಕ್ರ ಕೈಯಲ್ಲಿ ಸರಾಗ ತಿರುಗಬೇಕು. ತಿರುಗದಿದ್ದರೆ ನಟ್ಟು ಅತಿಯಾಯಿತು.

ಜೀಪು, ಬಸ್ಸು, ಗುಂಡಿ ಒತ್ತುವ ಕಾರು

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಇನ್ನೂ ಓಡಾಡುವ ಹಳೇ ಜೀಪುಗಳ ಲೆಕ್ಕ ಬೇರೆ. ವಿಲ್ಲಿಸ್ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಡಿ ಎಳೆದರೆ ಒಂದೇ ಡ್ರಮ್ಮಿನಿಂದ ಕೆಲಸ ಮುಗಿಯಿತು. ಇದರಲ್ಲೊಂದು ಮೋಸವಿದೆ. ಪಂಕ್ಚರ್ ಆಯಿತೆಂದು ಹಿಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿದ ಕೂಡಲೇ, ಶಾಫ್ಟ್ ಬಿಗಿಯಾಗಿದ್ದರೂ, ಎಡ ಬಲ ಚಕ್ರಗಳನ್ನು ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಚಕ್ರ ಒಂದು ದಿಕ್ಕಿಗೂ ನೆಲದ ಮೇಲಿನದು ಇನ್ನೊಂದು ದಿಕ್ಕಿಗೂ ತಿರುಗಬಲ್ಲವು. ಜೀಪು ಜಾಕಿಯಿಂದ ಉರುಳುತ್ತದೆ. ಇಂಥಲ್ಲಿ ಚಕ್ರಕ್ಕೆ ಅಡೆ ಕೊಡುವುದು ಉದಾಸೀನವಲ್ಲ, ಕಡ್ಡಾಯ.

ಏರ್ ಬ್ರೇಕಿನ ಬಸ್ಸು ಲಾರಿಗಳಲ್ಲಿ ತರ್ಕವೇ ತಿರುಗುಮುರುಗು. ಡ್ರೈವರ್ ನಾಬ್ ಎಳೆದಾಗ ಫುಸ್ಸೆಂದು ಗಾಳಿ ಹೊರಹೋಗುತ್ತದಲ್ಲ, ಬ್ರೇಕ್ ಹಿಡಿಯುವುದು ಆ ಗಾಳಿಯಿಂದಲ್ಲ, ಗಾಳಿ ಹೋದದ್ದರಿಂದ. ಚಕ್ರದ ಬಳಿಯ ಬ್ರೇಕ್ ಚೇಂಬರ್ ಎಂಬ ಡಬ್ಬಿಯೊಳಗೆ ಬಲವಾದ ಸ್ಪ್ರಿಂಗ್ ಇರುತ್ತದೆ. ಗಾಳಿಯ ಒತ್ತಡ ಅದನ್ನು ಅಮುಕಿ ಹಿಡಿದಿರುವವರೆಗೆ ಗಾಡಿ ಓಡುತ್ತದೆ, ಒತ್ತಡ ಹೋದರೆ ಸ್ಪ್ರಿಂಗ್ ಚಾಚಿ ಬ್ರೇಕ್ ಹಿಡಿಯುತ್ತದೆ. ಕೊಳವೆ ಒಡೆದರೂ ಗಾಡಿ ನಿಲ್ಲುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ರಿಪೇರಿಗೆ ಮಾತ್ರ ಇದು ಅತ್ಯಂತ ಅಪಾಯದ ಭಾಗ. ಚೇಂಬರಿನ ಜತೆ ಬರುವ ಉದ್ದ ಬೋಲ್ಟನ್ನು ಹಿಂಬದಿಯಿಂದ ತೂರಿಸಿ ಸ್ಪ್ರಿಂಗನ್ನು ಕಟ್ಟಿಹಾಕದೆ ಇದನ್ನು ಮುಟ್ಟುವಂತಿಲ್ಲ. ಸ್ಪ್ರಿಂಗಿರುವ ಭಾಗದ ಪಟ್ಟಿಯನ್ನು ಬಿಚ್ಚಲೇಬಾರದು. ನೂರಾರು ಕಿಲೋ ಬಲ ತುಂಬಿಕೊಂಡ ಸ್ಪ್ರಿಂಗ್ ಮುಚ್ಚಳ ಸಮೇತ ಸಿಡಿದರೆ ಎದುರಿದ್ದವರು ಉಳಿಯುವುದಿಲ್ಲ. ಕೆಟ್ಟ ಚೇಂಬರನ್ನು ಇಡಿಯಾಗಿ ಬದಲಿಸುವುದೇ ಪದ್ಧತಿ.

ಹಲವು ಹೊಸ ಕಾರುಗಳಲ್ಲಿ ಲಿವರೇ ಮಾಯ, ಬೆರಳಿನಿಂದ ಎತ್ತುವ ಸಣ್ಣ ಸ್ವಿಚ್ ಬಂದಿದೆ. 2001ರ ಬಿಎಂಡಬ್ಲ್ಯು 7 ಸರಣಿ ಈ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ತಂದ ಮೊದಲಿಗರಲ್ಲಿ ಒಂದು. ಈಗ ಬಹುಪಾಲು ಹಿಂದಿನ ಡಿಸ್ಕಿನ ಕ್ಯಾಲಿಪರ್ ಮೇಲೆಯೇ ಪುಟ್ಟ ಮೋಟಾರ್ ಕೂತಿರುತ್ತದೆ. ಅದು ಗೇರುಗಳ ಮೂಲಕ ಒಂದು ತಿರುಪನ್ನು ತಿರುಗಿಸಿ ಪಿಸ್ಟನ್ನನ್ನು ಪ್ಯಾಡಿಗೆ ಒತ್ತುತ್ತದೆ. ಘಟ್ಟ ಇಳಿದು ಬಂದ ಬಿಸಿ ಡಿಸ್ಕ್ ತಣಿದಂತೆ ಕುಗ್ಗಿ ಹಿಡಿತ ಸಡಿಲಾಗುತ್ತದೆ. ಅದನ್ನು ಬಲ್ಲ ವ್ಯವಸ್ಥೆಗಳು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ತಾವಾಗಿ ಇನ್ನೊಮ್ಮೆ ಬಿಗಿಯುತ್ತವೆ. ನಿಂತ ಕಾರಿನಿಂದ ಗುಂಯ್ ಎಂಬ ಸದ್ದು ಕೇಳಿದರೆ ಗಾಬರಿ ಬೇಡ. ಆದರೆ ಇಲ್ಲಿ ಪ್ಯಾಡ್ ಬದಲಿಸಲು ಇಕ್ಕಳದಿಂದ ಪಿಸ್ಟನ್ ಅಮುಕುವ ಹಳೇ ವಿದ್ಯೆ ನಡೆಯುವುದಿಲ್ಲ. ಮೊದಲು ಸರ್ವಿಸ್ ಮೋಡ್‌ಗೆ ಹಾಕಿ ಮೋಟಾರನ್ನು ಹಿಂದಕ್ಕೆ ಸರಿಸಬೇಕು, ಇಲ್ಲವಾದರೆ ಮೋಟಾರಿನ ಗೇರುಗಳು ಮುರಿಯಬಹುದು. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಪೆಡಲುಗಳಿಂದಲೇ ಇದಾಗುತ್ತದೆ, ಹಲವಕ್ಕೆ ಸ್ಕ್ಯಾನರ್ ಬೇಕು. ಇಂಥ ಕಾರನ್ನು ಗ್ಯಾರೇಜಿಗೆ ಬಿಡುವ ಮುಂಚೆ ಸ್ಕ್ಯಾನರ್ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಕಾನೂನಿಗೂ ಕಲ್ಲು ಗೊತ್ತು

1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ನಿಂತ ವಾಹನದ ಬಗ್ಗೆಯೇ ಇದೆ. ಲೈಸೆನ್ಸ್ ಇರುವವರು ಚಾಲಕನ ಸೀಟಿನಲ್ಲಿ ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಅಥವಾ ಗಾಡಿ ಅಕಸ್ಮಾತ್ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು ಎನ್ನುತ್ತದೆ ಅದು. 'ಬೇರೆ ಕ್ರಮ'ದಲ್ಲಿ ಕಲ್ಲಿಗೂ ಜಾಗವಿದೆ. ತೊಂದರೆ ಇರುವುದು ಆ ಕಲ್ಲು ಎತ್ತದೆ ಹೊರಡುವುದರಲ್ಲಿ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿ ರಿಪೇರಿಯಾಗಿ ಹೊರಟ ಮೇಲೆ ಅದರ ಚಕ್ರಕ್ಕಿಟ್ಟ ಕಲ್ಲುಗಳು ಟಾರಿನ ಮೇಲೆ ಹಾಗೇ ಉಳಿಯುತ್ತವೆ. ರಾತ್ರಿ ಬರುವ ಬೈಕಿನವರ ಪಾಲಿಗೆ ಅವು ಸಾವಿನ ಬಲೆ. ಮರದ್ದೋ ರಬ್ಬರಿನದೋ ಬೆಣೆಗೆ ಹಗ್ಗ ಕಟ್ಟಿ ಗಾಡಿಯಲ್ಲೇ ಇಟ್ಟುಕೊಂಡರೆ ಈ ಪಾಪ ತಟ್ಟುವುದಿಲ್ಲ.

ನಿಮ್ಮ ಗಾಡಿಯನ್ನು ನೀವೇ ಪರೀಕ್ಷಿಸಬಹುದು. ಮುಂದೆ ಹಿಂದೆ ಯಾರೂ ಇಲ್ಲದ ಏರಿನಲ್ಲಿ ನಿಲ್ಲಿಸಿ, ಸೀಟಿನಲ್ಲೇ ಕೂತು, ಕಾಲಿನ ಬ್ರೇಕ್ ಒತ್ತಿಹಿಡಿದು ಲಿವರ್ ಎಳೆಯಿರಿ, ಕಚ್ಚುಗಳನ್ನು ಎಣಿಸಿ. ನ್ಯೂಟ್ರಲ್‌ಗೆ ತಂದು ಕಾಲನ್ನು ಮೆಲ್ಲಗೆ ಎತ್ತಿ. ಪೆಡಲಿನ ಹತ್ತಿರವೇ ಇರಲಿ ಕಾಲು. ಹಿಂದಿನ ಸಲಕ್ಕಿಂತ ಎರಡು ಮೂರು ಕಚ್ಚು ಹೆಚ್ಚಾಗಿದ್ದರೆ, ಗಾಡಿ ಜಾರಿದರೆ, ಕೆಲಸ ಬಂದಿದೆ ಎಂದರ್ಥ. ದಿನಬಳಕೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ಮೇಲೂ ಏರಿಗೆ ಮುಖ ಮಾಡಿದ್ದರೆ ಫಸ್ಟ್ ಗೇರ್, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್ ಹಾಕಿ ಬಿಡಿ. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲವೆಂದರೆ ಮಾತ್ರ ಸಪಾಟು ಜಾಗದಲ್ಲಿ ಗೇರು ಮತ್ತು ಬೆಣೆಯ ಮೇಲೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಬಿಡುವುದು ಮೇಲು. ಇಲ್ಲದಿದ್ದರೆ ಒದ್ದೆ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಆಕ್ಸಿಲರೇಟರ್ ತುಳಿದು ಕಿತ್ತರೆ ಲೈನರೇ ಕಿತ್ತುಬರುತ್ತದೆ.

ಹಿಂದಿನ ಶೂಗಳ ಜೋಡಿ ಮತ್ತು ಕೇಬಲಿಗೆ ಆಗುವ ಖರ್ಚು ಹೊಸ ಟೈರುಗಳ ಖರ್ಚಿನ ಮುಂದೆ ಚಿಲ್ಲರೆ. ಕೆಲಸಕ್ಕೆ ಅರ್ಧ ದಿನ ಸಾಕು. ಗ್ಯಾರೇಜಿಗೆ ಹೋದಾಗ ಕೇಳುವ ಮಾತು ಬದಲಾಗಬೇಕು, ಅಷ್ಟೇ. 'ಹ್ಯಾಂಡ್‌ಬ್ರೇಕ್ ಸ್ವಲ್ಪ ಬಿಗಿ ಮಾಡಿ' ಎಂದರೆ ಬಿಗಿ ಮಾಡಿಯೇ ಕೊಡುತ್ತಾರೆ. ಕೇಳಿದ್ದು ಅದನ್ನೇ ತಾನೆ? 'ಡ್ರಮ್ ಬಿಚ್ಚಿ, ಶೂ ಮತ್ತು ಅಡ್ಜಸ್ಟರ್ ತೋರಿಸಿ, ಆಮೇಲೆ ಕೇಬಲಿನ ಮಾತು' ಎನ್ನಿ. ಅಷ್ಟು ಹೇಳಿದ ಗಿರಾಕಿಗೆ ನಾಲ್ಕು ಸುತ್ತಿನ ಚಿಕಿತ್ಸೆ ಕೊಡುವ ಧೈರ್ಯ ಯಾವ ಮೆಕ್ಯಾನಿಕ್ಕಿಗೂ ಬರುವುದಿಲ್ಲ.